ಕಪ್ಪು ಮಸಿಯ ಕನಕಾಂಬರ

ಮರುದಿನ ನನ್ನ ಹೆಂಡತಿ ಜ್ವರ ಬಂದು ಮಲಗಿದಳು. ಆದ್ದರಿಂದ ಅದರ ಹಿಂದಿನ ದಿನವನ್ನು ನಾನು ನಮ್ಮ ಕೊನೆಯ ಮಾಮೂಲಿ ದಿನ ಎಂದುಕೊಂಡಿದ್ದೇನೆ. ಅವತ್ತು ವಿಶೇಷವಾದದ್ದು ಏನೂ ನಡೆಯಲಿಲ್ಲ. ಚಿತ್ರದುರ್ಗದ ಹೈವೇ ಪಕ್ಕದ ಶೆಡ್ಡಿನಲ್ಲಿ ಒಂದು ಲಾರಿಯ ಹಿಂಬಾಗಿಲಿಗೆ ಗುಲಾಬಿ ಬರೆದೆ. ಸೀಮೆಎಣ್ಣೆಯಲ್ಲಿ ಕೈ ತೊಳೆದುಕೊಂಡು ಸೈಕಲ್ ತುಳಿದು ಮನೆಗೆ ಬಂದೆ. ಅವಳು ಟೀ ಕೊಟ್ಟಳು. ನಾನು ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ನನ್ನ ಇನ್ನೊಂದು ಕಸುಬಿಗೆ ಕೈ ಹಾಕಿದೆ.

ಇನ್ನೊಂದು ಕಸುಬು ಎಂದರೆ ಪ್ರೇಮ. ನನ್ನನ್ನು ಕಂಡವರು ಇದನ್ನು ಓದಿದರೆ ನಗುತ್ತಾರೆ, ನಗಲಿ. ಎಪ್ಪತ್ತರ ದಶಕದಲ್ಲಿ ದಾವಣಗೆರೆಯಿಂದ ಹೊರಡುತ್ತಿದ್ದ ಒಂದು ಸಣ್ಣ ಮಾಸಪತ್ರಿಕೆಗೆ ನಾನು ಪ್ರೇಮದ ಚಿತ್ರಕಥೆ ಬರೆಯುತ್ತಿದ್ದೆ. ಕಥೆ ನನ್ನದಲ್ಲ, ಚಿತ್ರ ಮಾತ್ರ ನನ್ನದು. ಸಂಪಾದಕರು ಯಾವ ಚೌಕದಲ್ಲಿ ಯಾರು ನಿಂತಿರಬೇಕು, ಏನು ಮಾತಾಡಬೇಕು ಎಂದು ಹಾಳೆಯಲ್ಲಿ ಬರೆದು ಬಸ್ಸಿನವರ ಕೈಲಿ ಕೊಟ್ಟು ಕಳಿಸುತ್ತಿದ್ದರು. ನಾನು ದಪ್ಪ ಬಿಳಿ ಹಾಳೆಯ ಮೇಲೆ ಕಪ್ಪು ಮಸಿಯಲ್ಲಿ ಚಿತ್ರ ಬರೆದು ಅದೇ ಬಸ್ಸಿಗೆ ಹಾಕುತ್ತಿದ್ದೆ.

ಅವತ್ತು ನನ್ನ ತೊಡೆಯ ಮೇಲಿದ್ದದ್ದು ಕಥೆಯ ಕೊನೆಯ ಪುಟ. ಕಥೆ ದೊಡ್ಡದೇನಲ್ಲ. ಒಬ್ಬಳು ಕಾಲೇಜು ಹುಡುಗಿ, ಅವಳ ಚಿಕ್ಕಪ್ಪನ ಮಗಳು, ಇಬ್ಬರೂ ಮೆಚ್ಚಿಕೊಂಡ ಒಬ್ಬ ಓವರ್‌ಸಿಯರ್, ಎಲ್ಲರ ನೆಮ್ಮದಿ ಕೆಡಿಸಲು ಒಬ್ಬಳು ಸೋದರತ್ತೆ. ಓವರ್‌ಸಿಯರ್ ಕಾಲೇಜು ಹುಡುಗಿಯನ್ನು ಮದುವೆಯಾಗುತ್ತೀಯಾ ಎಂದು ಕೇಳಿ, ಉತ್ತರ ಸಿಗದೆ, ಬೇರೆ ಊರಿಗೆ ವರ್ಗವಾಗಿ ಹೋಗಿರುತ್ತಾನೆ. ಕೊನೆಯ ಪುಟದಲ್ಲಿ ಬಸ್ಸಿಳಿದು ಬರುತ್ತಾನೆ. ಅವಳು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಳೆ. ಕೊನೆಯ ಚೌಕಕ್ಕೆ ಸಂಪಾದಕರು ಬರೆದದ್ದು ಇಷ್ಟೇ: ಅವಳು ಏನೂ ಹೇಳುವುದಿಲ್ಲ. ಅವನಿಗೆ ಅರ್ಥವಾಗುತ್ತದೆ.

"ಅವನಿಗೆ ಅರ್ಥ ಆಗತೈತಂತೆ. ಹೆಂಗೆ ಆಗತೈತೆ?" ಎಂದೆ.

"ಹೂವಿನಾಗೆ," ಎಂದಳು ನನ್ನ ಹೆಂಡತಿ, ಅದನ್ನೂ ಕೇಳಬೇಕೇ ಎನ್ನುವ ದನಿಯಲ್ಲಿ.

"ಯಾವ ಹೂವು ಅಂತ ಹೇಳು ಮತ್ತೆ, ಬರ್ದು ಮುಗಿಸ್ತೀನಿ."

"ಮುಖ ಬರ್ದೀರೇನು?"

"ಇಲ್ಲ."

"ಮುಖ ಇಲ್ದೆ ಹೂವು ಹೆಂಗೆ ಹೇಳ್ಲಿ? ಮೊದ್ಲು ಮುಖ ಬರೀರಿ. ನೋಡಿ ಹೇಳ್ತೀನಿ."

"ಒಪ್ಕಂತಾಳೋ ಇಲ್ವೋ, ಅದನ್ನಾದ್ರೂ ಹೇಳು."

"ನನಗೇನ್ ಗೊತ್ತು? ನಿಮ್ಮ ಕೈಯಾಗೆ ಇರೋದು ಆ ಹುಡುಗಿ. ಸಾರಿಗೆ ಉಪ್ಪು ಹಾಕಿಲ್ಲ ನಾನು," ಎಂದು ಒಳಗೆ ಹೋದಳು.

ನಮ್ಮ ಕೆಲಸದ ಕ್ರಮವೇ ಹಾಗಿತ್ತು. ನಾನು ಮುಖ ಬರೆದು ತಲೆಗೂದಲನ್ನು ಖಾಲಿ ಬಿಡುತ್ತಿದ್ದೆ. ಅವಳು ಬಂದು, ಸೆರಗಿಗೆ ಕೈ ಒರೆಸಿಕೊಂಡು, ಹಾಳೆಯನ್ನು ದೂರ ಹಿಡಿದು ಮುಖ ನೋಡಿ ಹೂ ಹೇಳುತ್ತಿದ್ದಳು. ಆಮೇಲೆ ನಾನು ಹೂ ತುಂಬುತ್ತಿದ್ದೆ. ಅವತ್ತು ಮುಖ ಬರೆಯಲು ಬೆಳಕಿತ್ತು. ಆದರೂ ಸೊಳ್ಳೆ ಕಚ್ಚುತ್ತಿದೆ ಎಂದು ನೆಪ ಹೇಳಿ ಹಲಗೆ ಎತ್ತಿಟ್ಟೆ. ಓವರ್‌ಸಿಯರ್ ಇನ್ನೊಂದು ದಿನ ಬಸ್ಸಿನಲ್ಲೇ ಕೂತಿರಲಿ ಎಂದುಕೊಂಡೆ.

ನಾನು ಈ ಕಸುಬಿಗೆ ಬಂದದ್ದೂ ಲಾರಿಯ ಹಿಂದಿನಿಂದಲೇ. ಸಂಪಾದಕರ ನೆಂಟರೊಬ್ಬರ ಲಾರಿಗೆ ನಾನು ಒಂದು ಹೆಣ್ಣಿನ ಮುಖ ಬರೆದಿದ್ದೆ. ಅದನ್ನು ನೋಡಿ ಅವರು ಶೆಡ್ಡಿಗೇ ಹುಡುಕಿಕೊಂಡು ಬಂದರು. ಅವರ ಚಿತ್ರಕಾರ ಕೈ ಕೊಟ್ಟಿದ್ದ. "ಹೆಣ್ಣಿನ ಮುಖ ಚೆನ್ನಾಗಿ ಬರೀತೀರಿ, ಪ್ರೇಮದ ಕಥೆ ಬರೀತೀರಾ?" ಎಂದು ಕೇಳಿದರು. ಎಸ್ಸೆಸ್ಸೆಲ್ಸಿಯಲ್ಲಿ ಡ್ರಾಯಿಂಗ್ ಬಿಟ್ಟು ಮಿಕ್ಕಿದ್ದರಲ್ಲೆಲ್ಲ ಮುಗ್ಗರಿಸಿದ್ದ ನಾನು ಬರೀತೀನಿ ಎಂದುಬಿಟ್ಟೆ. ಹೆಣ್ಣಿನ ಮುಖ ನನಗೆ ಒಂದೇ ಬರುತ್ತಿತ್ತು, ಹೂವೂ ಒಂದೇ ಬರುತ್ತಿತ್ತು, ಗುಲಾಬಿ. ಲಾರಿ ಬರೆಯುವವನ ಕೈ ಅದು. ಕಣ್ಣು ಮುಚ್ಚಿ ಕುಂಚ ಕೊಟ್ಟರೂ ಗುಲಾಬಿ ಬರುತ್ತದೆ.

ಮೊದಲ ಕಂತು ಅಚ್ಚಾಗಿ ಬಂದಾಗ ನಾನು ಪತ್ರಿಕೆಯನ್ನು ಅಡುಗೆಮನೆಗೆ ತೆಗೆದುಕೊಂಡು ಹೋಗಿ ಹೆಂಡತಿಯ ಮುಂದೆ ಹಿಡಿದೆ. ಅವಳು ಐಮಂಗಲದ ಹತ್ತಿರದ ಹಳ್ಳಿಯವಳು. ಅವರ ಮನೆಯವರಿಗೆ ಒಂದಿಷ್ಟು ಕುರಿ, ಬಾವಿಯ ಕೆಳಗೆ ಹೂವಿನ ತೋಟ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳು. ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ನೋಡುತ್ತಾ ಹೋದಳು. ಮೆಚ್ಚುತ್ತಾಳೆ ಎಂದು ನಾನು ಕಾಯುತ್ತಾ ನಿಂತಿದ್ದೆ.

"ಅಲ್ರೀ, ಇವರೆಲ್ಲ ಒಂದೇ ಗಿಡದ ಹೂವು ಕಿತ್ಕಂಡಾರೇನು?" ಎಂದಳು.

ನೋಡಿದೆ. ಕಾಲೇಜು ಹುಡುಗಿಗೆ ಗುಲಾಬಿ, ಚಿಕ್ಕಪ್ಪನ ಮಗಳಿಗೆ ಗುಲಾಬಿ, ಸೋದರತ್ತೆಗೆ ಗುಲಾಬಿ, ಅಡುಗೆಯವಳಿಗೆ ಗುಲಾಬಿ. ಗೋಡೆಯ ಮೇಲಿನ ಫೋಟೋದಲ್ಲಿದ್ದ ಸತ್ತ ತಾಯಿಗೂ ಗುಲಾಬಿ. ಮುಖವೂ ಎಲ್ಲರದೂ ಒಂದೇ ಆದ್ದರಿಂದ ಓವರ್‌ಸಿಯರ್ ಯಾರನ್ನು ಮೆಚ್ಚಿದ್ದಾನೆ ಎಂಬುದು ಬರೆದ ನನಗೂ ತಿಳಿಯುತ್ತಿರಲಿಲ್ಲ.

"ಪ್ರೇಮ ಅಂದ್ರೆ ಗುಲಾಬಿ ಅಲ್ವೇನೇ?" ಎಂದೆ.

"ಅದು ಲಾರಿಗೆ," ಎಂದಳು.

ಆಮೇಲಿನ ಕಂತಿನಿಂದ ಹೂವು ಅವಳ ವಶವಾಯಿತು. ಪತ್ರಿಕೆಯಲ್ಲಿ ಬಣ್ಣವಿಲ್ಲ, ಇದ್ದದ್ದು ಕಪ್ಪು ಮತ್ತು ಬಿಳಿ. ಕಪ್ಪು ಮಸಿಯಲ್ಲಿ ಕನಕಾಂಬರವನ್ನು ಕನಕಾಂಬರ ಎಂದು ಗುರುತು ಹಿಡಿಯುವಂತೆ ಬರೆಯುವುದು ನಾನು ಮಾಡಿದ ಕೆಲಸಗಳಲ್ಲೆಲ್ಲ ಕಷ್ಟದ್ದು. ಅವಳು ತಾನು ಕಟ್ಟುತ್ತಿದ್ದ ದಂಡೆಯನ್ನೇ ತಂದು ನನ್ನ ಹಲಗೆಯ ಮೇಲೆ ಹಾಕುತ್ತಿದ್ದಳು. ದುಂಡುಮಲ್ಲಿಗೆಯ ಮೊಗ್ಗು ಗುಂಡಗೆ, ಕಾಕಡ ಉದ್ದ ಸಣ್ಣಗೆ, ಕನಕಾಂಬರದ ಎಸಳು ಬೀಸಣಿಗೆಯಂತೆ ಒಂದೇ ಕಡೆಗೆ. ನಾನು ಹಾಳೆಗೆ ಮುಖ ತಾಗುವಷ್ಟು ಬಗ್ಗಿ ಬರೆಯುತ್ತಿದ್ದೆ. ಅಂಥ ದಿನಗಳಲ್ಲಿ ನನ್ನ ಮೂಗಿನ ತುದಿಗೆ ಮಸಿ ಇರುತ್ತಿತ್ತು. ಅದನ್ನು ಅವಳು ನನಗೆ ಹೇಳುತ್ತಿರಲಿಲ್ಲ. ಹಾಗೇ ಅಂಗಡಿಗೆ ಕಳಿಸುತ್ತಿದ್ದಳು.

ಯಾರಿಗೆ ಯಾವ ಹೂ ಎನ್ನುವುದಕ್ಕೆ ಅವಳಲ್ಲಿ ಕಾರಣವಿರುತ್ತಿತ್ತು. ಚಿಕ್ಕಪ್ಪನ ಮಗಳಿಗೆ ಕನಕಾಂಬರ ಎಂದಳು. "ವಾಸನೆ ಇಲ್ಲ ಅದಕ್ಕೆ, ಆದ್ರೆ ಎರಡು ದಿನ ಬಾಡಂಗಿಲ್ಲ. ಆ ಹುಡುಗೀನೂ ಹಂಗೆ. ಬಾಯಿ ಬಿಟ್ಟು ಹೇಳಂಗಿಲ್ಲ, ಮರೆಯಂಗೂ ಇಲ್ಲ." ಕಾಲೇಜು ಹುಡುಗಿಗೆ ದುಂಡುಮಲ್ಲಿಗೆ. ಒಂದು ಕಂತಿನಲ್ಲಿ ಅವಳು ಕೆರೆ ಏರಿಯ ಮೇಲೆ ದಿನವಿಡೀ ಓವರ್‌ಸಿಯರ್‌ಗೆ ಕಾಯಬೇಕಿತ್ತು. ಅದೇ ಮುಖವನ್ನು ಚೌಕದ ನಂತರ ಚೌಕ ಬರೆಯಲು ನನಗೆ ಬೇಸರ. "ಮುಖ ಹಂಗೇ ಇರ್ಲಿ ಬಿಡ್ರಿ. ಬೆಳಿಗ್ಗೆ ಮೊಗ್ಗು, ಮಧ್ಯಾಹ್ನ ಅರೆಬಿರಿದ ಹೂವು, ಸಂಜೆಗೆ ಪೂರಾ ಅರಳಿ ಜೋತು ಬಿದ್ದಿರ್ಲಿ," ಎಂದಳು. ಹಾಗೆಯೇ ಬರೆದೆ. ಮುಖವನ್ನಂತೂ ಅಚ್ಚು ತೆಗೆದಂತೆ ನಕಲು ಮಾಡಿದೆ. ಕಾಯುವವಳ ಸಂಕಟವನ್ನು ಎಷ್ಟು ಸೂಕ್ಷ್ಮವಾಗಿ ತೋರಿಸಿದ್ದೀರಿ ಎಂದು ಸಂಪಾದಕರು ಹೊಗಳಿದರು. ನನ್ನ ಸೋಮಾರಿತನಕ್ಕೆ ಸಿಕ್ಕಿದ ಹೊಗಳಿಕೆ ಅದೊಂದೇ.

ಅವಳ ಎಲ್ಲ ಕಾರಣಗಳೂ ಇಷ್ಟು ಸಾಚಾ ಇರಲಿಲ್ಲ. ಸೋದರತ್ತೆಗೆ ಅಂಗೈ ಅಗಲದ ಸೇವಂತಿಗೆ ಇಡಿಸಿದಳು. ಕಿವಿಯ ಪಕ್ಕಕ್ಕೇ ಇರಬೇಕು ಎಂದೂ ಹೇಳಿದಳು. ಬರೆದಾದ ಮೇಲೆ ನೋಡಿದರೆ ಅದು ಹೊಳಲ್ಕೆರೆಯಲ್ಲಿದ್ದ, ಹಾಗೇ ಸೇವಂತಿಗೆ ಮುಡಿಯುತ್ತಿದ್ದ ನನ್ನ ಅಕ್ಕ. ಅಕ್ಕ ಹಬ್ಬಕ್ಕೆ ಬಂದವಳು ಪತ್ರಿಕೆ ತಿರುವಿಹಾಕಿ, "ಈ ಹೆಂಗ್ಸನ್ನ ಎಲ್ಲೋ ನೋಡಿದಂಗೈತಲ್ಲೋ," ಎಂದಳು. ನನ್ನ ಹೆಂಡತಿ ಒಲೆ ಊದುವುದಕ್ಕೆ ಶುರು ಮಾಡಿದಳು. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು.

ಅವಳು ಕಲಿಸಿದ್ದು ಶೆಡ್ಡಿನಲ್ಲಿ ನನಗೆ ಮುಳುವಾದದ್ದೂ ಉಂಟು. ಹೊಳಲ್ಕೆರೆಯ ಅಡಿಕೆ ವ್ಯಾಪಾರಿಯೊಬ್ಬರ ಲಾರಿಗೆ, ಎಂದಿನ ಗುಲಾಬಿ ಬಿಟ್ಟು, ಕೇಸರಿ ಬಣ್ಣದಲ್ಲಿ ಕನಕಾಂಬರದ ದಂಡೆ ಬರೆದೆ. ಬಾಡದ ನಿಷ್ಠೆ ಎಂದೆಲ್ಲ ಮನಸ್ಸಿನಲ್ಲಿ ಅಂದುಕೊಂಡೇ ಬರೆದೆ. ಲಾರಿಯವರು ಬಂದು, ಸುತ್ತಲೂ ಒಂದು ಸಲ ನಡೆದು, ಹಿಂದೆ ನಿಂತರು.

"ಏನಪ್ಪ ಇದು, ಗಾಡಿಗೆ ಬೆಂಕಿ ಬಿದ್ದಂಗೈತೆ?"

"ಕನಕಾಂಬರ ಸಾಹುಕಾರ್ರೆ."

"ಲಾರಿ ಏನು ಜಡೆ ಹಾಕ್ಕಂಡೈತಾ? ಅಳಿಸಿ ಗುಲಾಬಿ ಬರಿಯಪ್ಪ, ಹಿಂದೆ ಬರೋರು ಹೆದರ್ಕಂಡಾರು."

ಅಳಿಸಿ ಗುಲಾಬಿ ಬರೆದೆ. ಮನೆಯಲ್ಲಿ ಹೇಳಿದಾಗ ಅವಳು ನಕ್ಕ ನಗೆಗೆ ಕಟ್ಟುತ್ತಿದ್ದ ಹೂವು ಮಡಿಲಿನಿಂದ ಜಾರಿ ಚೆಲ್ಲಿಹೋಯಿತು.

ಇನ್ನೊಂದು ಕಂತಿನಲ್ಲಿ ಓವರ್‌ಸಿಯರ್ ಪಾರ್ಕಿನಲ್ಲಿ ಹುಡುಗಿಯ ಕೈಗೆ ಹೂ ಕೊಡಬೇಕಿತ್ತು. ನಾನು ಚಾಚಿದ ಕೈ, ತಗ್ಗಿದ ತಲೆ ಎಲ್ಲ ಬರೆದಿಟ್ಟೆ. ಅವಳು ನೋಡಿ ತಲೆಯಾಡಿಸಿದಳು.

"ಕೈಗೆ ಕೊಡ್ತಾರೇನ್ರಿ ಯಾರಾದ್ರೂ? ನೀವು ಯಾವತ್ತಾದ್ರೂ ಕೊಟ್ಟೀರಾ?"

ಕೊಟ್ಟಿರಲಿಲ್ಲ. ಸಂಜೆ ಬರುವಾಗ ಪೇಟೆಯಲ್ಲಿ ಒಂದು ಮಾರು ಹೂ ಕೊಂಡು, ಎಲೆಯ ಪೊಟ್ಟಣವನ್ನು ಸೈಕಲ್ಲಿನ ಹ್ಯಾಂಡಲಿಗೆ ಸಿಕ್ಕಿಸಿ, ಸೈಕಲ್ ಗೋಡೆಗೆ ಒರಗಿಸಿ, ಏನೂ ತಿಳಿಯದವನಂತೆ ಒಳಗೆ ಹೋಗುತ್ತಿದ್ದೆ. ಅವಳು ನೀರು ಚೆಲ್ಲುವ ನೆಪದಲ್ಲಿ ಹೊರಗೆ ಬಂದು ಪೊಟ್ಟಣ ತೆಗೆದುಕೊಳ್ಳುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಶುರುವಾದದ್ದು ಕೊನೆಯವರೆಗೂ ಹಾಗೇ ನಡೆಯಿತು. ನಮ್ಮಿಬ್ಬರ ಪ್ರೇಮದ ಚಿತ್ರಕಥೆ ಬರೆದರೆ ಎಲ್ಲ ಚೌಕದಲ್ಲೂ ಒಂದು ಸೈಕಲ್ ಮಾತ್ರ ಇರುತ್ತದೆ. ಕೊನೆಗೆ ಓವರ್‌ಸಿಯರ್ ಹೂವಿನ ಪೊಟ್ಟಣವನ್ನು ಪಾರ್ಕಿನ ಬೆಂಚಿನ ಮೇಲೆ ಮರೆತವನಂತೆ ಬಿಟ್ಟು ಹೋದ. ಸಂಪಾದಕರಿಗೆ ಇದು ವಿಚಿತ್ರ ಕಂಡಿತು. ಓದುವವರಿಗೆ ಹಾಗೆ ಕಾಣಲಿಲ್ಲ.

ಓದುವವರನ್ನು ನಾನು ಒಂದೇ ಸಲ ಕಣ್ಣಾರೆ ಕಂಡದ್ದು. ಹೊಸದುರ್ಗದಿಂದ ಶ್ರೀರಾಂಪುರದ ಕಡೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಅದೇ ಪತ್ರಿಕೆ ಹಿಡಿದುಕೊಂಡಿದ್ದರು. ಹಿಂದಿನ ಕಂತುಗಳಲ್ಲಿ ಕಾಲೇಜು ಹುಡುಗಿಗೂ ಚಿಕ್ಕಪ್ಪನ ಮಗಳಿಗೂ ಮಾತು ಬಿಟ್ಟುಹೋಗಿತ್ತು. ಆ ತಿಂಗಳ ಕಂತಿನಲ್ಲೂ ಅವರು ಒಂದು ಮಾತೂ ಆಡುವುದಿಲ್ಲ. ಆದರೆ ನನ್ನ ಹೆಂಡತಿ ಇಬ್ಬರಿಗೂ ಒಂದೇ ಕದಂಬದ ದಂಡೆ ಇಡಿಸಿದ್ದಳು. ಮಲ್ಲಿಗೆ, ಕನಕಾಂಬರ, ನಡುವೆ ಮರುಗ ಸೇರಿಸಿ ಕಟ್ಟಿದ ದಂಡೆ. ನಮ್ಮ ಕಡೆ ಹೆಂಗಸರು ಒಂದು ಮಾರು ಹೂವನ್ನು ಒಬ್ಬರೇ ಮುಡಿಯುವುದಿಲ್ಲ, ಪಕ್ಕದವಳಿಗೆ ತುಂಡು ಮಾಡಿ ಕೊಟ್ಟೇ ಮುಡಿಯುತ್ತಾರೆ.

"ರಾಜಿ ಆಗ್ಯಾರೆ ಕಣೆ ಇವರಿಬ್ಬರು," ಎಂದಳು ಒಬ್ಬಳು.

"ಎಲ್ಲಿ ಬರ್ದೈತೆ ಹಂಗಂತ?"

"ಬರ್ದಿಲ್ಲ. ಇಲ್ನೋಡು, ಒಂದೇ ದಂಡೆ ಹರ್ಕಂಡಾರೆ."

ಇನ್ನೊಬ್ಬಳು ಬಗ್ಗಿ ನೋಡಿ, "ಹೂಂ ಕಣೆ. ಇದನ್ನ ಬರೆಯೋಳು ಯಾರೋ ಹೆಂಗ್ಸೇ ಇರ್ಬೇಕು. ಗಂಡಸ್ರಿಗೆ ಎಲ್ಲಿ ತಿಳೀತೈತೆ?" ಎಂದಳು.

ಬರೆಯೋಳು ಹಿಂದಿನ ಸೀಟಿನಲ್ಲಿ ಮೀಸೆ ಹೊತ್ತುಕೊಂಡು ಸುಮ್ಮನೆ ಕೂತಿದ್ದಳು. ಮನೆಗೆ ಬಂದು ಹೇಳಿದೆ. ಹೆಂಡತಿ ಒಲೆಯ ಕಡೆಗೆ ತಿರುಗಿದಳು. ಅವತ್ತು ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ನಾನು ಒಂದಗುಳೂ ಬಿಡದೆ ಉಂಡೆ.

ಇದೆಲ್ಲ ಆದ ಮೇಲೆ ಬಂದದ್ದು ಆ ಕೊನೆಯ ಪುಟ, ಅದರ ಮರುದಿನ ಬಂದದ್ದು ಜ್ವರ. ಮೊದಲು ಕಷಾಯ ಮಾಡಿಕೊಟ್ಟೆ. ನಂತರ ಆಸ್ಪತ್ರೆಗೆ ಸೇರಿಸಿದೆವು. ಜ್ವರ ತಲೆಗೇರಿದೆ ಎಂದರು. ಅವಳಿಗೆ ಎಚ್ಚರವಿದ್ದಾಗ ನಾನು ಪಕ್ಕದಲ್ಲಿ ಕೂತು, ಮುಖ ಬರೆದಿದ್ದೇನೆ ಎಂದು ಸುಳ್ಳು ಹೇಳಿದೆ. ಮನೆಗೆ ಬರುವ ಆಸೆಯಾದರೂ ಆಗಲಿ ಎಂದು. "ಚೆನ್ನಾಗಿ ಬಂದೈತಾ?" ಎಂದಳು. ಬಂದೈತೆ ಎಂದೆ. "ನೀವು ಹೇಳಿದ್ರೆ ಆಯ್ತು, ನಾನು ನೋಡ್ಬೇಕು," ಎಂದಳು. ಅವಳು ಮನೆಗೆ ಬರಲಿಲ್ಲ.

ಮುತ್ತೈದೆ ಸಾವು, ಪುಣ್ಯವಂತೆ ಎಂದು ಬಂದವರೆಲ್ಲ ಹೇಳಿದರು. ನನ್ನನ್ನು ಪೇಟೆಗೆ ಹೂವಿಗೆ ಕಳಿಸಿದರು, ಗಂಡಸಿಗೆ ಕೈಗೊಂದು ಕೆಲಸವಿರಲಿ ಎಂದು ಇರಬೇಕು. ಹೂವು ಕೊಂಡುಕೊಂಡು ಬಂದೆ. ಸೈಕಲ್ ಗೋಡೆಗೆ ಒರಗಿಸಿ ಒಳಗೆ ಹೋಗಿ ಕೂತೆ. ಎಲ್ಲರೂ ಕಾಯುತ್ತಿದ್ದರು.

"ಹೂವು ಎಲ್ಲಪ್ಪ?" ಎಂದರು ನನ್ನ ಮಾವ.

"ಹ್ಯಾಂಡಲಿನಾಗೈತೆ," ಎಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿ, ತಾವೇ ಹೋಗಿ ತಂದರು. ಅಕ್ಕಪಕ್ಕದ ಹೆಂಗಸರೂ ತಮ್ಮ ತಮ್ಮ ಮನೆಯಿಂದ ಒಂದೊಂದು ತುಂಡು ತಂದಿದ್ದರು. ಮಲ್ಲಿಗೆ, ಕಾಕಡ, ಕನಕಾಂಬರ, ಸೇವಂತಿಗೆ ಎಲ್ಲವನ್ನೂ ಅವಳ ಒಂದೇ ತಲೆಗೆ ಮುಡಿಸಿದರು. ನಾನು ಗೋಡೆಗೆ ಒರಗಿ ನೋಡುತ್ತಿದ್ದೆ. ಇಷ್ಟೆಲ್ಲ ಒಟ್ಟಿಗೆ ಇಟ್ಟರೆ ಇವಳು ಯಾರು, ಇವಳ ಮನಸ್ಸಿನಲ್ಲಿ ಏನಿದೆ ಎಂದು ಓದುವವರಿಗೆ ಹೇಗೆ ತಿಳಿಯಬೇಕು ಎಂದು ಯೋಚಿಸಿದೆ. ಹೆಣದ ಮುಂದೆ ಕೂತು ಗಂಡ ಯೋಚಿಸುವ ಮಾತೇ ಅದು? ಇನ್ನೂ ನಾಚಿಕೆಯಾಗಬೇಕಾದದ್ದು ಎಂದರೆ, ಅವಳನ್ನು ಕೇಳೋಣ ಎಂದು ಅರ್ಧ ಎದ್ದಿದ್ದೆ.

ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ, ಚಿತ್ರಕಾರರ ಅನಾರೋಗ್ಯದಿಂದ ಕೊನೆಯ ಕಂತು ಪ್ರಕಟವಾಗಿಲ್ಲ ಎಂದು ಅಚ್ಚಾಯಿತು. ಚಿತ್ರಕಾರ ಗುಂಡುಕಲ್ಲಿನ ಹಾಗೆ ಇದ್ದ. ದಿನಾ ಶೆಡ್ಡಿಗೆ ಹೋಗಿ ಗುಲಾಬಿ ಬರೆಯುತ್ತಿದ್ದ. ಎಂದಿಗಿಂತ ಹೆಚ್ಚೇ ಬರೆಯುತ್ತಿದ್ದ. ಕೇಳದೇ ಇದ್ದ ಜಾಗಕ್ಕೂ, ಡೀಸೆಲ್ ಟ್ಯಾಂಕಿಗೂ ಗುಲಾಬಿ ಬಂತು.

ಮುಖ ಬರೆಯಲು ಕೂತದ್ದು ತಿಂಗಳು ಕಳೆದ ಮೇಲೆ. ಹೆಂಡತಿಯ ಮುಖವನ್ನೇ ಬರೆದಿರಬೇಕು ಎಂದು ಯಾರಾದರೂ ಊಹಿಸಿದರೆ ಅದು ನನ್ನ ಕೈಯ ಬಗ್ಗೆ ಬಹಳ ದೊಡ್ಡ ಅಭಿಪ್ರಾಯ. ಅವಳ ಮುಖ ನನಗೆ ಬರೆಯಲು ಬರುತ್ತಿರಲಿಲ್ಲ. ಬಂದದ್ದು ಅದೇ ಹಳೆಯ ಕ್ಯಾಲೆಂಡರ್ ಮುಖ. ಆದರೆ ತುಟಿಯ ಹತ್ತಿರ ಕೈ ಸ್ವಲ್ಪ ಜಾರಿ, ನಗುವೂ ಅಲ್ಲದ ಅಳುವೂ ಅಲ್ಲದ ಒಂದು ಗೆರೆ ಬಿತ್ತು. ಅದನ್ನು ತಿದ್ದಲಿಲ್ಲ. ನನ್ನ ಕೈಯಿಂದ ಹುಟ್ಟಿದ ಮುಖಗಳಲ್ಲಿ ಬೇರೆಯವರ ಹಾಗೆ ಕಾಣದ ಮುಖ ಅದೊಂದೇ.

ಆಮೇಲೆ ಜಡೆ ಖಾಲಿ ಬಿಟ್ಟು ಕೂತೆ. ಅಕ್ಕ ಅಡುಗೆ ಮಾಡಿಹಾಕಲು ಹೊಳಲ್ಕೆರೆಯಿಂದ ಬಂದಿದ್ದಳು. ಹಾಳೆಯನ್ನು ಅವಳಿಗೆ ತೋರಿಸಿದೆ.

"ಸೇವಂತಿಗೆ ಇಡು, ಎದ್ದು ಕಾಣ್ತೈತೆ," ಎಂದಳು.

"ಸೇವಂತಿಗೆ ಸೋದರತ್ತೆದು, ಅಕ್ಕ."

"ಹಂಗಾದ್ರೆ ಅವಳ್ದೇ ಚೆಂದ ಇತ್ತು ಬಿಡು," ಎಂದು ಹಾಳೆಯನ್ನು ನನ್ನ ಕೈಗೆ ಕೊಟ್ಟು, "ಅದು ನಾನೇ ಅಂತ ನನಗೆ ಗೊತ್ತಿತ್ತು ಕಣೋ. ಅವಳ ಹತ್ರ ಬೈದಾಡಾಣ ಅಂತ ಇಟ್ಕಂಡಿದ್ದೆ," ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು.

ಸಂಪಾದಕರೇ ಬಸ್ಸು ಹತ್ತಿ ಬಂದರು. ಒಳ್ಳೆಯ ಮನುಷ್ಯ. ಕೂತು, ನೀರು ಕುಡಿದು, ಹೇಗೆ ಕೇಳಬೇಕೋ ತಿಳಿಯದೆ ಹಾಳೆ ನೋಡಿದರು.

"ಎಲ್ಲ ಮುಗಿದಂಗೈತಲ್ರಿ. ತಲೆಗೆ ಒಂದು ಹೂವು ಇಟ್ರೆ ಆಯ್ತು."

"ಯಾವ ಹೂವು ಇಡ್ಲಿ? ಆ ಹುಡುಗಿ ಒಪ್ತಾಳೋ ಇಲ್ವೋ, ನೀವಾದ್ರೂ ಹೇಳ್ರಿ."

ಅವರು ಸಂಕೋಚದಿಂದ ಕನ್ನಡಕ ತೆಗೆದು ಒರೆಸಿದರು. "ನಿಜ ಹೇಳ್ಬೇಕಂದ್ರೆ ನಾನು ಅದನ್ನ ಯೋಚ್ನೆ ಮಾಡಿಲ್ಲ. ನೀವು ಹೂವಿನಾಗೆ ಏನಾದ್ರೂ ತೋರಿಸ್ತೀರಿ ಅಂತ ಹಂಗೇ ಬಿಟ್ಟಿದ್ದೆ. ಒಂದು ಗುಲಾಬಿ ಇಟ್ಟುಬಿಡ್ರಿ."

ಅವರು ಹೋದ ಮೇಲೆ ತೆಳು ಹಾಳೆಯನ್ನು ಮೇಲಿಟ್ಟು ಒಂದೊಂದೇ ಹೂ ಬರೆದು ನೋಡಿದೆ. ಮಲ್ಲಿಗೆ ಮೊಗ್ಗು ಇಟ್ಟರೆ ಆ ಮುಖ ಇನ್ನೂ ಕಾಯುತ್ತೇನೆ ಎಂದಿತು. ಅರಳಿದ ಮಲ್ಲಿಗೆ ಇಟ್ಟರೆ ಕಾದದ್ದು ಸಾಕಾಯಿತು ಎಂದಿತು. ಕನಕಾಂಬರ ಇಟ್ಟರೆ, ನನ್ನ ಚಿಕ್ಕಪ್ಪನ ಮಗಳನ್ನು ಮದುವೆಯಾಗು ಎಂದು ಬಿಟ್ಟುಕೊಟ್ಟಂತೆ ಕಂಡಿತು. ಕದಂಬ ಇಟ್ಟಾಗ ಆ ತಂಗಿಯನ್ನೇ ನೆನೆಯುತ್ತಾ ಬಂದವನನ್ನು ನೋಡುತ್ತಲೇ ಇಲ್ಲ ಎನ್ನಿಸಿತು. ಎಲ್ಲವೂ ಆ ಮುಖಕ್ಕೆ ಒಪ್ಪುತ್ತಿದ್ದವು. ಅದೇ ನನ್ನ ಕಷ್ಟ. ಅವಳ ಹತ್ತಿರ ಇಷ್ಟು ಕಂತು ಕಲಿತು, ಯಾವ ಹೂವಿಗೆ ಏನು ಅರ್ಥ ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು. ಮುಖ ನೋಡುವುದು ಮಾತ್ರ ಬಂದಿರಲಿಲ್ಲ. ಗುಲಾಬಿಯನ್ನೂ ಬರೆದೆ. ಅದು ಬಹಳ ಚೆನ್ನಾಗಿ ಬಂತು, ಅದನ್ನೇ ಮೊದಲು ಹರಿದು ಹಾಕಿದೆ.

ಹಾಳೆಯನ್ನು ಹೂವಿಲ್ಲದೆ ಹಾಗೇ ಬಸ್ಸಿಗೆ ಹಾಕಿದೆ. ಸಂಪಾದಕರು ಮತ್ತೆ ಏನೂ ಕೇಳದೆ ಅಚ್ಚು ಮಾಡಿಸಿದರು. ಹುಡುಗಿ ಒಪ್ಪಿದಳು ಎಂದು ಕೆಲವರು ಓದಿಕೊಂಡರಂತೆ. ತಲೆಯಲ್ಲಿ ಹೂವಿಲ್ಲದೆ ನಿಲ್ಲಿಸಿದ್ದು ಅಪಶಕುನ, ಓವರ್‌ಸಿಯರ್‌ಗೆ ಏನೋ ಆಗಿರಬೇಕು ಎಂದು ಕೆಲವರು. ಚಿತ್ರಕಾರನಿಗೆ ಮುಗಿಸಲು ಬರುವುದಿಲ್ಲ ಎಂದವರೂ ಇದ್ದರು. ಅವರು ಹೇಳಿದ್ದು ಸರಿ. ಆ ಪತ್ರಿಕೆಗೆ ನಾನು ಮತ್ತೆ ಬರೆಯಲಿಲ್ಲ.

ಅಚ್ಚಾದ ಮೇಲೆ ಸಂಪಾದಕರು ಆ ಹಾಳೆಯನ್ನು ನನಗೆ ವಾಪಸ್ ಕೊಟ್ಟರು. ಈಗಲೂ ತೆಗೆದು ನೋಡುತ್ತೇನೆ. ಬಸ್ಸು ಬಂದು ನಿಂತಿದೆ. ಮುಖ ಬರೆದಾಗಿದೆ. ಯಾವ ಹೂ ಎಂದು ಅವಳು ಹೇಳಿಲ್ಲ.